ಅಳಿಸಿದ್ರೂ ಮತ್ತೆ ಬರೋ ಹೆಸರು: ಮನೆ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಆಟೋಕಂಪ್ಲೀಟ್ ಕಾಟ

ಪರ್ಸನಲ್ ಫೈನಾನ್ಸ್ ಸಾಫ್ಟ್‌ವೇರ್‌ನಲ್ಲಿ ಲೆಕ್ಕ ಇಡೋರು ನನ್ನ ಹತ್ರ ತರೋ ತಕರಾರುಗಳಲ್ಲಿ ಒಂದು ಯಾವಾಗ್ಲೂ ಇದ್ದೇ ಇರತ್ತೆ. ಯಾವತ್ತೋ ಅವಸರದಲ್ಲಿ "ಮೆಡಿಕಲ್" ಅನ್ನೋ ಬದಲು "ಮೆಡಿಕಕಲ್" ಅಂತ ಟೈಪ್ ಮಾಡಿ ಎಂಟರ್ ಒತ್ತಿದ್ದಾಗಿದೆ, ಅವತ್ತಿಂದ "ಮೆ" ಅಂತ ಹೊಡೆದ್ರೆ ಸಾಕು ಆ ತಪ್ಪು ಹೆಸರೇ ಮೊದಲು ಬಂದು ಕೂರತ್ತೆ. ಎಂಟ್ರಿ ಡಿಲೀಟ್ ಮಾಡಿದ್ದೀನಿ ಸಾರ್, ಆದ್ರೂ ಬರ್ತಿದೆ ಅಂತಾರೆ. ಹೌದು, ಬರತ್ತೆ. ಎಂಟ್ರಿ ಇರೋ ಜಾಗ ಬೇರೆ, ಸಜೆಶನ್ (ಆಟೋಕಂಪ್ಲೀಟ್, ಅಂದ್ರೆ ಟೈಪ್ ಮಾಡ್ತಿದ್ದ ಹಾಗೆ ತಾನಾಗೇ ಬರೋ ಹೆಸರು) ಬರೋ ಜಾಗ ಬೇರೆ ಇರಬಹುದು ಅನ್ನೋದೇ ತುಂಬಾ ಜನಕ್ಕೆ ಯಾರೂ ಹೇಳಿರಲ್ಲ.

ಹಾಗಾಗಿ ಸೆಟ್ಟಿಂಗ್ಸ್ ಒಳಗೆ ಹೋಗಿ ಸಿಕ್ಕಿದ್ದೆಲ್ಲಾ ಒತ್ತೋಕೆ ಮುಂಚೆ ನೋಡ್ಬೇಕಾಗಿರೋದು ಒಂದೇ: ಈ ಹೆಸರನ್ನ ಹೇಳಿಕೊಡ್ತಿರೋದು ಯಾರು? ಕೆಲವು ಸಾಫ್ಟ್‌ವೇರ್‌ಗಳು ನೀವು ಹಾಕಿದ ಪ್ರತಿ ಪೇಯೀ (ದುಡ್ಡು ಯಾರಿಗೆ ಕೊಟ್ರೋ ಅವರ) ಹೆಸರನ್ನೂ ಪಕ್ಕದಲ್ಲಿ ಒಂದು ಲಿಸ್ಟ್‌ನಲ್ಲಿ ಬರೆದಿಟ್ಕೊಳ್ಳತ್ವೆ, ಇನ್ನು ಕೆಲವು ಲಿಸ್ಟ್ ಗಿಸ್ಟ್ ಏನೂ ಇಟ್ಕೊಳ್ಳದೆ ಹಳೇ ಎಂಟ್ರಿಗಳನ್ನೇ ಓದಿ ಅಲ್ಲಿಂದ ಹೇಳತ್ವೆ. ಬ್ಯಾಂಕಿಂದ ಸ್ಟೇಟ್‌ಮೆಂಟ್ ಇಂಪೋರ್ಟ್ ಮಾಡೋರಿಗೆ ರೂಲ್‌ಗಳದ್ದೇ (ಇಂಥ ಸಾಲು ಬಂದ್ರೆ ಇಂಥ ಹೆಸರು ಹಾಕು ಅನ್ನೋ ಸೂಚನೆಗಳು) ಇನ್ನೊಂದು ಪ್ರಪಂಚ. ಕೊನೇದಾಗಿ ಸಾಫ್ಟ್‌ವೇರ್‌ಗೂ ಇದಕ್ಕೂ ಸಂಬಂಧನೇ ಇಲ್ದೆ ಬ್ರೌಸರ್ರೋ ಫೋನಿನ ಕೀಬೋರ್ಡೋ ಮಧ್ಯೆ ಬಾಯಿ ಹಾಕ್ತಿರತ್ತೆ. ಗೊತ್ತಾಗೋದು ಹೇಗೆ ಅಂದ್ರೆ, ಬರೀ ಹೆಸರು ಮಾತ್ರ ತುಂಬ್ತಿದ್ಯಾ ಇಲ್ಲಾ ಕ್ಯಾಟಗರಿ, ಮೊತ್ತ ಎಲ್ಲಾ ಜೊತೆಗೇ ಬರ್ತಿದ್ಯಾ ನೋಡಿ. ಎಲ್ಲಾ ಜೊತೆಗೆ ಬಂದ್ರೆ ಅದು ಖಂಡಿತ ಸಾಫ್ಟ್‌ವೇರಿಂದೇ ಕೆಲಸ, ಬ್ರೌಸರ್‌ಗೆ ನಿಮ್ಮ ಕ್ಯಾಟಗರಿ ಗೊತ್ತಿರಲ್ಲ. ಕೈಯಲ್ಲಿ ಟೈಪ್ ಮಾಡುವಾಗ ಬರಲ್ಲ, ಡೌನ್‌ಲೋಡ್ ಆದ ಎಂಟ್ರಿಗಳಲ್ಲಿ ಮಾತ್ರ ಬರತ್ತೆ ಅಂದ್ರೆ ರೂಲ್ ಕಡೆ ಹೋಗಿ. ಒಂದು ಅಕೌಂಟ್‌ನ ರಿಜಿಸ್ಟರ್‌ನಲ್ಲಿ (ಎಂಟ್ರಿಗಳ ಪಟ್ಟಿಯಲ್ಲಿ) ಬಂದು ಇನ್ನೊಂದರಲ್ಲಿ ಬರ್ತಿಲ್ಲ ಅಂದ್ರೆ ಹಳೇ ಎಂಟ್ರಿ ಓದಿ ಹೇಳೋ ಜಾತಿ.

ಲಿಸ್ಟ್ ಇಟ್ಕೊಳ್ಳೋ ಜಾತಿಗೆ ಒಳ್ಳೇ ಉದಾಹರಣೆ ಕ್ವಿಕನ್ ಅನ್ನೋ ಸಾಫ್ಟ್‌ವೇರ್. ವಿಂಡೋಸ್‌ನಲ್ಲಿ ಟೂಲ್ಸ್ ಮೆನುವಿನಲ್ಲಿ ಮೆಮೊರೈಸ್ಡ್ ಪೇಯೀ ಲಿಸ್ಟ್ ಅಂತ ಇದೆ, ಕಂಟ್ರೋಲ್ ಜೊತೆ ಟಿ ಒತ್ತಿದ್ರೂ ತೆಗೆಯತ್ತೆ. ಮೊದಲ ಸಲ ಅದನ್ನ ತೆಗೆದವರು ಸ್ವಲ್ಪ ಗಾಬರಿ ಆಗ್ತಾರೆ, ವರ್ಷಗಟ್ಟಲೆ ಹಾಕಿದ ಹೆಸರೆಲ್ಲಾ ಅಲ್ಲಿ ಸಾಲಾಗಿ ನಿಂತಿರತ್ತೆ, ಒಂದೇ ಅಂಗಡಿ ನಾಲ್ಕು ಸ್ಪೆಲ್ಲಿಂಗ್‌ನಲ್ಲಿ. ಅಲ್ಲಿಂದ ಒಂದು ಹೆಸರು ಡಿಲೀಟ್ ಮಾಡಿದ್ರೆ ಹಳೇ ಲೆಕ್ಕಕ್ಕೆ ಏನೂ ಆಗಲ್ಲ, ರಿಜಿಸ್ಟರ್‌ನಲ್ಲಿರೋ ಎಂಟ್ರಿಗಳು ಇದ್ದ ಹಾಗೇ ಇರತ್ವೆ. ಇದಕ್ಕೆ ಹೆದರಿಕೊಂಡೇ ಎಷ್ಟೋ ಜನ ಆ ಲಿಸ್ಟ್ ಮುಟ್ಟಿರಲ್ಲ. ಆದ್ರೆ ಡಿಲೀಟ್ ಮಾಡಿ ಸುಮ್ನಾದ್ರೆ ಅರ್ಧ ಕೆಲಸ ಅಷ್ಟೇ, ಯಾಕಂದ್ರೆ ಪ್ರಿಫರೆನ್ಸಸ್‌ನಲ್ಲಿ ಹೊಸ ಪೇಯೀಗಳನ್ನ ತಾನಾಗೇ ನೆನಪಿಟ್ಕೋ ಅನ್ನೋ ಟಿಕ್ ಇರತ್ತೆ, ಅದು ಆನ್ ಇರೋವರೆಗೂ ನಾಳೆ ಇನ್ನೊಂದು ತಪ್ಪು ಹೆಸರು ಬಂದು ಸೇರ್ಕೊಳ್ಳತ್ತೆ. ಅದೇ ಕಡೆ ಇಷ್ಟು ತಿಂಗಳಿಂದ ಬಳಸದ ಹೆಸರುಗಳನ್ನ ತೆಗೆದುಹಾಕು ಅನ್ನೋ ಆಯ್ಕೆನೂ ಇದೆ. ತಿಂಗಳ ಸಂಖ್ಯೆ ಹನ್ನೆರಡಕ್ಕಿಂತ ಸ್ವಲ್ಪ ಜಾಸ್ತಿ ಇಡಿ ಅಂತ ನಾನು ಹೇಳೋದು, ಇಲ್ಲಾಂದ್ರೆ ವರ್ಷಕ್ಕೊಮ್ಮೆ ಕಟ್ಟೋ ಇನ್ಶೂರೆನ್ಸ್ ಪ್ರೀಮಿಯಂ ಹೆಸರು ಸರಿಯಾಗಿ ಬೇಕಾದಾಗ್ಲೇ ಮಾಯ ಆಗಿರತ್ತೆ.

ಅದೇ ಲಿಸ್ಟ್‌ನಲ್ಲಿ ಪ್ರತಿ ಹೆಸರಿನ ಪಕ್ಕ ಒಂದು ಬೀಗ ಇರತ್ತೆ. ಇದರ ಉಪಯೋಗ ಗೊತ್ತಿರೋರು ಕಮ್ಮಿ, ಸ್ವಲ್ಪ ವಿವರವಾಗೇ ಹೇಳ್ತೀನಿ. ಬೀಗ ಹಾಕದ ಹೆಸರಿಗೆ ಸಾಫ್ಟ್‌ವೇರ್ ಕೊನೇ ಸಲ ಏನು ಹಾಕಿದ್ರೋ ಅದನ್ನೇ ನೆನಪಿಟ್ಕೊಳ್ಳತ್ತೆ. ಅಂದ್ರೆ ದಿನಾ ದಿನಸಿ ತರೋ ಅಂಗಡಿಲಿ ಒಂದೇ ಒಂದು ಸಲ ಮಿಕ್ಸಿ ತಗೊಂಡು ಅದನ್ನ "ಮನೆ ಸಾಮಾನು" ಅಂತ ಹಾಕಿದ್ರಿ ಅನ್ಕೊಳ್ಳಿ, ಮುಂದಿನ ಸಲ ಅಕ್ಕಿ ಬೇಳೆ ತಂದಾಗ್ಲೂ ಕ್ಯಾಟಗರಿ ಜಾಗದಲ್ಲಿ ಮನೆ ಸಾಮಾನೇ ಬಂದು ಕೂತಿರತ್ತೆ, ನೀವು ಹೆಸರು ಸರಿ ಇದೆ ಅಂತ ಟ್ಯಾಬ್ ಟ್ಯಾಬ್ ಒತ್ಕೊಂಡು ಮುಂದೆ ಹೋಗಿರ್ತೀರಿ. ಬೀಗ ಹಾಕಿದ್ರೆ ಮೊದಲು ನೀವು ಸರಿ ಮಾಡಿಟ್ಟ ಕ್ಯಾಟಗರಿ ಹಾಗೇ ನಿಲ್ಲತ್ತೆ, ಆಮೇಲೆ ಬರೋ ಒಂದೊಂದು ವಿಚಿತ್ರ ಎಂಟ್ರಿ ಅದನ್ನ ಕೆಡಿಸಲ್ಲ. ನನ್ನ ಲೆಕ್ಕದಲ್ಲಿ ಕೆಟ್ಟ ಸ್ಪೆಲ್ಲಿಂಗ್ ಸಜೆಶನ್ ಬರೋದು ಬರೀ ಕಣ್ಣಿಗೆ ಕಿರಿಕಿರಿ, ಸರಿಯಾದ ಹೆಸರಿನ ಹಿಂದೆ ತಪ್ಪು ಕ್ಯಾಟಗರಿ ಬರೋದು ನಿಜವಾದ ನಷ್ಟ, ಯಾಕಂದ್ರೆ ಅದು ಕಣ್ಣಿಗೆ ಬೀಳೋದೇ ಇಲ್ಲ.

ಸಾಲದ ಕಂತಿನಲ್ಲಂತೂ ಇದು ಇನ್ನೂ ಮೋಸ. ಕಂತಿನ ಮೊತ್ತ ಪ್ರತಿ ತಿಂಗಳೂ ಒಂದೇ, ಆದ್ರೆ ಒಳಗೆ ಅಸಲು ಎಷ್ಟು ಬಡ್ಡಿ ಎಷ್ಟು ಅನ್ನೋ ಪಾಲು ತಿಂಗಳಿಂದ ತಿಂಗಳಿಗೆ ಬದಲಾಗತ್ತೆ, ಬಡ್ಡಿ ಇಳಿಯತ್ತೆ ಅಸಲು ಏರತ್ತೆ. ಆಟೋಕಂಪ್ಲೀಟ್ ಹೋದ ತಿಂಗಳ ಸ್ಪ್ಲಿಟ್ಟನ್ನೇ (ಅಸಲು ಬಡ್ಡಿ ಪಾಲನ್ನೇ) ತಂದು ಹಾಕತ್ತೆ, ಒಟ್ಟು ಮೊತ್ತ ಬ್ಯಾಂಕಿಗೆ ಸರಿ ಹೊಂದತ್ತೆ, ರಿಕನ್ಸೈಲ್ (ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ತಾಳೆ ನೋಡೋದು) ಕೂಡ ಆಗತ್ತೆ, ಯಾರಿಗೂ ಅನುಮಾನ ಬರಲ್ಲ, ವರ್ಷದ ಕೊನೆಗೆ ಸಾಲದ ಬಾಕಿ ಮಾತ್ರ ಬ್ಯಾಂಕ್ ಹೇಳೋದಕ್ಕೂ ನಿಮ್ಮ ಪುಸ್ತಕಕ್ಕೂ ತಾಳೆ ಆಗಲ್ಲ. ಇಂಥ ಹೆಸರುಗಳಿಗೆ ನೆನಪೇ ಬೇಡ. ಕ್ವಿಕನ್‌ನಲ್ಲಿ ಪೇಯೀನ ಎಡಿಟ್ ಮಾಡೋ ಕಿಟಕಿಯಲ್ಲಿ ಈ ಹೆಸರಿಗೆ ಕ್ಯಾಟಗರಿ ತಾನಾಗೇ ಹಾಕಬೇಡ ಅನ್ನೋ ಟಿಕ್ ಸಿಗತ್ತೆ, ಬೇರೆ ಸಾಫ್ಟ್‌ವೇರ್‌ನಲ್ಲಿ ಪ್ರತಿ ತಿಂಗಳೂ ಅಸಲು ಬಡ್ಡಿ ಪಾಲು ಲೆಕ್ಕ ಹಾಕೋ ಲೋನ್ ಸೌಲಭ್ಯ ಇದ್ರೆ ಕಂತನ್ನ ಅದಕ್ಕೆ ಬಿಟ್ಬಿಡಿ.

ಈಗ ಗ್ನೂಕ್ಯಾಶ್ ಅನ್ನೋ ಇನ್ನೊಂದು ಸಾಫ್ಟ್‌ವೇರ್. ಇದರಲ್ಲಿ ಡಿಲೀಟ್ ಮಾಡೋ ಲಿಸ್ಟ್ ಹುಡುಕ್ತಾ ಎಲ್ಲಾ ಮೆನು ಜಾಲಾಡಿ ಸುಸ್ತಾಗಿ ಬರ್ತಾರೆ, ಅಂಥ ಲಿಸ್ಟ್ ಇಲ್ವೇ ಇಲ್ಲ. ವಿವರಣೆ ಜಾಗದಲ್ಲಿ ಟೈಪ್ ಮಾಡಿದಾಗ ಬರೋ ಹೆಸರುಗಳು ಆ ರಿಜಿಸ್ಟರ್‌ನಲ್ಲಿ ಇರೋ ಎಂಟ್ರಿಗಳಿಂದಲೇ ಬರೋದು, ಟ್ಯಾಬ್ ಒತ್ತಿದ್ರೆ ಅದೇ ವಿವರಣೆ ಇರೋ ಹಿಂದಿನ ಎಂಟ್ರಿ ಪೂರ್ತಿ ಕಾಪಿ ಆಗತ್ತೆ. ಹಾಗಾಗಿ ತಪ್ಪು ಹೆಸರು ಹೋಗ್ಬೇಕು ಅಂದ್ರೆ ಹಳೇ ಎಂಟ್ರಿಗೇ ಹೋಗಿ ವಿವರಣೆ ತಿದ್ದಬೇಕು. ಕಂಟ್ರೋಲ್ ಎಫ್ ಒತ್ತಿ ಆ ತಪ್ಪು ಪದ ಹುಡುಕಿ, ಎಷ್ಟು ಕಡೆ ಇದೆಯೋ ಅಷ್ಟೂ ತಿದ್ದಿ, ಒಂದು ಉಳಿದ್ರೂ ಮತ್ತೆ ಬರತ್ತೆ. ತಿದ್ದಿದ ಮೇಲೂ ಅದೇ ದಿನ ಹಳೇದು ಇಣುಕ್ತಾ ಇದ್ರೆ ಫೈಲ್ ಮುಚ್ಚಿ ತೆಗೆದು ನೋಡಿ, ತೆರೆದಾಗ ಓದಿಟ್ಕೊಂಡಿದ್ದು ಇನ್ನೂ ಮೆಮೊರಿಯಲ್ಲಿ ಇರಬಹುದು. ರಿಕನ್ಸೈಲ್ ಆಗಿರೋ ಎಂಟ್ರಿಗೆ ಕೈ ಹಾಕಿದಾಗ ಎಚ್ಚರಿಕೆ ಬಂದ್ರೆ ಹೆದರಬೇಡಿ, ಬರೀ ಅಕ್ಷರ ತಿದ್ದಿದ್ರೆ ಬಾಕಿ ಬದಲಾಗಲ್ಲ, ಮೊತ್ತ ತಾರೀಖು ಮುಟ್ಟದೇ ಇದ್ರೆ ಆಯ್ತು. ಸಜೆಶನ್ ಹೋಗ್ಲಿ ಅಂತ ಎಂಟ್ರಿನೇ ಅಳಿಸೋದು ಮಾತ್ರ ಮಾಡ್ಲೇಬೇಡಿ, ನೊಣ ಹೊಡೆಯೋಕೆ ಗೋಡೆ ಒಡೆದ ಹಾಗೆ. ಎಷ್ಟು ಅಕ್ಷರ ಟೈಪ್ ಮಾಡಿದ ಮೇಲೆ ಸಜೆಶನ್ ಶುರು ಆಗ್ಬೇಕು ಅಂತ ಪ್ರಿಫರೆನ್ಸಸ್‌ನ ರಿಜಿಸ್ಟರ್ ಭಾಗದಲ್ಲಿ ಹೇಳಬಹುದು, ಅದನ್ನ ಸ್ವಲ್ಪ ಏರಿಸಿದ್ರೇ ಅರ್ಧ ಕಾಟ ತಪ್ಪತ್ತೆ.

ಇಂಪೋರ್ಟ್ ವಿಷಯ ಬೇರೆ. ಗ್ನೂಕ್ಯಾಶ್ ಇಂಪೋರ್ಟ್ ಮಾಡುವಾಗ ಯಾವ ಅಕೌಂಟ್‌ಗೆ ಹಾಕಬೇಕು ಅಂತ ಊಹೆ ಮಾಡೋದು ಬೇಯ್ಸಿಯನ್ ಲೆಕ್ಕದ ಮೇಲೆ. ವಿವರಣೆಯನ್ನ ಒಂದೊಂದೇ ಪದವಾಗಿ ಒಡೆದು, ಈ ಪದ ಇದ್ದಾಗ ಹಿಂದೆ ಎಷ್ಟು ಸಲ ಯಾವ ಅಕೌಂಟ್ ಆರಿಸಿದ್ರಿ ಅಂತ ಎಣಿಸಿ ಇಟ್ಕೊಳ್ಳತ್ತೆ. ಮಜಾ ಏನಂದ್ರೆ ಎಂಟ್ರಿ ವಾರದ ಯಾವ ದಿನದ್ದು ಅನ್ನೋದನ್ನೂ ಒಂದು ಪದದ ಹಾಗೆ ಲೆಕ್ಕಕ್ಕೆ ತಗೊಳ್ಳತ್ತೆ! ಶನಿವಾರ ಬಂದ ಎಂಟ್ರಿಗಳೆಲ್ಲಾ ಹೋಟೆಲ್ ಖರ್ಚಿನ ಕಡೆ ವಾಲ್ತಿದ್ರೆ ನಿಮ್ಮ ಅಭ್ಯಾಸನೇ ಅದಕ್ಕೆ ಕಲಿಸಿರೋದು. ಇಲ್ಲಿ ತೊಂದ್ರೆ ಕೊಡೋದು ಸಾಮಾನ್ಯವಾಗಿ ಎಲ್ಲಾ ಬ್ಯಾಂಕ್ ಸಾಲಿನಲ್ಲೂ ಇರೋ ಪೇಮೆಂಟ್, ಟ್ರಾನ್ಸ್‌ಫರ್, ಕಾರ್ಡ್ ಥರದ ಪದಗಳು, ಅವಕ್ಕೆ ಅರ್ಥ ಇಲ್ಲದಿದ್ರೂ ತೂಕ ಬಂದುಬಿಟ್ಟಿರತ್ತೆ. ಟೂಲ್ಸ್ ಮೆನುವಿನ ಇಂಪೋರ್ಟ್ ಮ್ಯಾಪ್ ಎಡಿಟರ್ ತೆಗೆದು ಅಂಥ ಸಾಲುಗಳನ್ನ ಅಲ್ಲಿಂದ ಅಳಿಸಿ, ರಿಜಿಸ್ಟರ್ ಎಷ್ಟು ತಿದ್ದಿದ್ರೂ ಈ ಕಲಿಕೆ ಅಳಿಯಲ್ಲ. ಕ್ವಿಕನ್‌ನಲ್ಲೂ ಹೀಗೇ, ಮೆಮೊರೈಸ್ಡ್ ಪೇಯೀ ಬೇರೆ, ರಿನೇಮಿಂಗ್ ರೂಲ್ (ಡೌನ್‌ಲೋಡ್ ಆದ ಹೆಸರು ಬದಲಾಯಿಸೋದು) ಬೇರೆ. ಲಿಸ್ಟ್‌ನಿಂದ ಹೆಸರು ತೆಗೆದು ರೂಲ್ ಹಾಗೇ ಬಿಟ್ರೆ ಮುಂದಿನ ಡೌನ್‌ಲೋಡ್‌ನಲ್ಲಿ ಅದೇ ಹೆಸರು ಮತ್ತೆ ಹುಟ್ಟತ್ತೆ.

ಕೆಮೈಮನಿ ಸಾಫ್ಟ್‌ವೇರ್ ಬಳಸೋರಿಗೆ ಸ್ವಲ್ಪ ಸುಖ. ಪೇಯೀ ಅನ್ನೋದು ಅಲ್ಲಿ ಸ್ವಂತ ದಾಖಲೆ, ಬಳಕೆಯಲ್ಲಿರೋದನ್ನ ಡಿಲೀಟ್ ಮಾಡೋಕೆ ಹೋದ್ರೆ ಇದರ ಎಂಟ್ರಿಗಳನ್ನ ಯಾರ ಹೆಸರಿಗೆ ವರ್ಗಾಯಿಸ್ಲಿ ಅಂತ ಕೇಳತ್ತೆ, ತಪ್ಪು ಸ್ಪೆಲ್ಲಿಂಗ್‌ನಿಂದ ಸರಿ ಸ್ಪೆಲ್ಲಿಂಗ್‌ಗೆ ಒಂದೇ ಏಟಿಗೆ ಎಲ್ಲಾ ಹೋಗತ್ತೆ. ಸೆಟ್ಟಿಂಗ್ಸ್‌ನಲ್ಲಿ ಆಟೋಫಿಲ್ (ಹಳೇ ಎಂಟ್ರಿ ನೋಡಿ ತಾನಾಗೇ ತುಂಬೋದು) ಪೂರ್ತಿ ಬೇಡ ಅನ್ನಬಹುದು, ಇಲ್ಲಾ ಆ ಹೆಸರಿಗೆ ಹೆಚ್ಚು ಸಲ ಬಳಸಿದ ಎಂಟ್ರಿ ಯಾವುದೋ ಅದನ್ನ ತಾ ಅನ್ನಬಹುದು, ಮಿಕ್ಸಿ ಕಥೆಗೆ ಇದೇ ಮದ್ದು. ವೈನ್ಯಾಬ್ (YNAB) ಸಾಫ್ಟ್‌ವೇರ್‌ನಲ್ಲೂ ಪೇಯೀಗಳನ್ನ ಆರಿಸಿ ಒಂದಕ್ಕೆ ಸೇರಿಸೋಕೆ ಆಗತ್ತೆ. ಸೇರಿಸೋ ಮುಂಚೆ ಫೈಲ್‌ನ ಬ್ಯಾಕಪ್ ಇರ್ಲಿ, ಸೇರಿಸಿದ್ದನ್ನ ಮತ್ತೆ ಬಿಡಿಸೋದು ಅಂದ್ರೆ ಕೈಯಲ್ಲಿ ಒಂದೊಂದೇ ಹುಡುಕಿ ಬಿಡಿಸೋದು.

ಎಕ್ಸೆಲ್‌ನಲ್ಲಿ ಲೆಕ್ಕ ಇಡೋರಿಗೆ ಹೆಚ್ಚು ಹೇಳೋಕೆ ಇಲ್ಲ, ಅದು ಅದೇ ಕಾಲಂನಲ್ಲಿ ಮೇಲೆ ಇರೋ ಪದಗಳನ್ನ ನೋಡಿ ಹೇಳತ್ತೆ, ಬರೀ ಸಂಖ್ಯೆ ಅಥವಾ ತಾರೀಖಾದ್ರೆ ಹೇಳಲ್ಲ. ಮೇಲಿನ ತಪ್ಪು ತಿದ್ದಿ, ಇಲ್ಲಾ ಆಪ್ಶನ್ಸ್‌ನ ಅಡ್ವಾನ್ಸ್ಡ್‌ನಲ್ಲಿ ಆಟೋಕಂಪ್ಲೀಟ್ ಟಿಕ್ ತೆಗೀರಿ. ಬ್ರೌಸರ್‌ನಲ್ಲಿ ನಡೆಯೋ ಸಾಫ್ಟ್‌ವೇರ್ ಆದ್ರೆ ಸಜೆಶನ್ ಮೇಲೆ ಕೆಳಗಿನ ಬಾಣದ ಕೀಲಿಂದ ಬಂದು ಶಿಫ್ಟ್ ಡಿಲೀಟ್ ಒತ್ತಿ ನೋಡಿ, ಕ್ರೋಮ್ ಫೈರ್‌ಫಾಕ್ಸ್ ಎರಡರಲ್ಲೂ ಬ್ರೌಸರ್ ನೆನಪಿಟ್ಕೊಂಡಿದ್ದು ಹೋಗತ್ತೆ. ಹೋಗ್ಲಿಲ್ಲ ಅಂದ್ರೆ ಅದು ಬ್ರೌಸರ್‌ದಲ್ಲ, ಒಂದು ಅನುಮಾನ ಕಮ್ಮಿ ಆಯ್ತು. ಫೋನಲ್ಲಿ ಕೀಬೋರ್ಡ್ ಮೇಲಿನ ಪಟ್ಟಿಯಲ್ಲಿ ಬರೋ ಪದ ಕೀಬೋರ್ಡಿಂದು, ಅದರ ಮೇಲೆ ಬೆರಳು ಒತ್ತಿ ಹಿಡಿದ್ರೆ ಸಾಮಾನ್ಯವಾಗಿ ತೆಗೆಯೋ ದಾರಿ ಸಿಗತ್ತೆ.

ಕನ್ನಡದಲ್ಲಿ ಹೆಸರು ಟೈಪ್ ಮಾಡೋರಿಗೆ ಒಂದು ಬೇರೇನೇ ಕಾಟ ಇದೆ. ಲಿಸ್ಟ್‌ನಲ್ಲಿ ಒಂದೇ ಹೆಸರು ಎರಡು ಸಲ, ಕಣ್ಣಿಗೆ ಒಂದಿಷ್ಟೂ ವ್ಯತ್ಯಾಸ ಇಲ್ಲ, ಒಂದನ್ನ ಡಿಲೀಟ್ ಮಾಡಿದ್ರೆ ಬೇಕಾದ್ದೇ ಹೋಯ್ತೋ ಏನೋ ಅಂತ ಭಯ. ಕಾರಣ ಹೆಚ್ಚಾಗಿ ಕಣ್ಣಿಗೆ ಕಾಣದ ಅಕ್ಷರ. ಅರ್ಧಾಕ್ಷರದ ಪಕ್ಕ ಒತ್ತು ಕೂರದ ಹಾಗೆ ತಡೆಯೋಕೆ ಜೀರೋ ವಿಡ್ತ್ ನಾನ್ ಜಾಯ್ನರ್ ಅಂತ ಒಂದು ಯೂನಿಕೋಡ್ ಅಕ್ಷರ ಬರತ್ತೆ, ಕೆಲವು ಕೀಬೋರ್ಡ್‌ಗಳು ಅದನ್ನ ಪದದ ಕೊನೆಯಲ್ಲೂ ಬಿಟ್ಟುಹೋಗತ್ವೆ. "ಮೆಡಿಕಲ್" ಅನ್ನೋದು ಒಂದು ಕಡೆ ಅದು ಸೇರಿ ಇನ್ನೊಂದು ಕಡೆ ಸೇರದೆ ಇದ್ರೆ ನಮಗೆ ಎರಡೂ ಒಂದೇ, ಸಾಫ್ಟ್‌ವೇರ್‌ಗೆ ಇಬ್ರು ಬೇರೆ ಬೇರೆ ಪೇಯೀ. ಹೆಸರಿನ ಕೊನೆಯ ಖಾಲಿ ಸ್ಪೇಸ್ ಕೂಡ ಇದೇ ಕೆಲಸ ಮಾಡಬಹುದು. ಕರ್ಸರ್‌ನ ಹೆಸರಿನ ಕೊನೆಗೆ ಇಟ್ಟು ಬಾಣದ ಕೀಲಿ ಒಂದೊಂದೇ ಹೆಜ್ಜೆ ಒತ್ತಿ, ಒಂದು ಹೆಜ್ಜೆಗೆ ಕರ್ಸರ್ ಕದಲದೇ ಇದ್ರೆ ಅಲ್ಲೇ ಏನೋ ಅಡಗಿದೆ ಅಂತ. ಅಲ್ಲಿ ತಡಕಾಡೋದಕ್ಕಿಂತ ಹೆಸರನ್ನ ಹೊಸದಾಗಿ ಟೈಪ್ ಮಾಡಿ ಎರಡನ್ನೂ ಅದಕ್ಕೆ ಸೇರಿಸೋದೇ ಬೇಗ ಆಗತ್ತೆ.

ಆಟೋಕಂಪ್ಲೀಟ್ ಪೂರ್ತಿ ಆಫ್ ಮಾಡ್ಲಾ ಅಂತ ಕೇಳ್ತಾರೆ. ಬೇಡ ಅಂತೀನಿ. ಆಫ್ ಮಾಡಿದ್ರೆ ಪ್ರತಿ ಸಲ ಪೂರ್ತಿ ಟೈಪ್ ಮಾಡ್ತೀರಿ, ಸ್ಪೆಲ್ಲಿಂಗ್ ಇನ್ನೂ ಹೆಚ್ಚು ಥರ ಹುಟ್ಟತ್ವೆ. ಹೆಸರು ತುಂಬೋದು ಇರ್ಲಿ, ಮೊತ್ತ ತುಂಬೋದನ್ನ ನಿಲ್ಲಿಸೋಕೆ ಆಗತ್ತೆ ಅಂದ್ರೆ ನಿಲ್ಸಿ. ಹೆಸರಿಡುವಾಗ ಬೇರೆ ಮಾಡಿ ತೋರಿಸೋ ಪದ ಮೊದಲು ಬರ್ಲಿ. "ಬಿಲ್ ಕರೆಂಟ್, ಬಿಲ್ ನೀರು, ಬಿಲ್ ಫೋನ್" ಅಂತ ಇಟ್ರೆ "ಬಿ" ಅಂದ ತಕ್ಷಣ ಮೂರೂ ನುಗ್ಗತ್ವೆ, "ಕರೆಂಟ್ ಬಿಲ್, ನೀರಿನ ಬಿಲ್" ಅಂದ್ರೆ ಒಂದೇ ಅಕ್ಷರಕ್ಕೆ ಸರಿಯಾದ್ದು ಬರತ್ತೆ.

ಇಷ್ಟೆಲ್ಲಾ ಆದ ಮೇಲೆ ಈಗಾಗಲೇ ಆಗಿರೋ ಹಾನಿ ಹುಡುಕ್ಬೇಕಲ್ಲ. ಪೇಯೀ ಪ್ರಕಾರ ಒಂದು ರಿಪೋರ್ಟ್ ತೆಗೆದು ಒಂದೇ ಪೇಯೀಗೆ ಎರಡು ಮೂರು ಕ್ಯಾಟಗರಿ ಎಲ್ಲೆಲ್ಲಿ ಇದೆ ನೋಡಿ. ಆಮೇಲೆ ಒಂದೇ ಮೊತ್ತ ಬೇರೆ ಬೇರೆ ತಾರೀಖಿಗೆ ಪೈಸೆ ಸಮೇತ ರಿಪೀಟ್ ಆಗಿದ್ಯಾ ನೋಡಿ, ಬಾಡಿಗೆ ಕಂತು ಬಿಟ್ಟು ಉಳಿದ ಕಡೆ ಹಾಗಿದ್ರೆ ಆಟೋಫಿಲ್ ಹಾಕಿದ್ದನ್ನ ತಿದ್ದೋದು ಮರೆತಿರೋ ಸಾಧ್ಯತೆ ಜಾಸ್ತಿ. ಖರ್ಚಿನ ಕ್ಯಾಟಗರಿಯಿಂದ ಇನ್ನೊಂದು ಖರ್ಚಿನ ಕ್ಯಾಟಗರಿಗೆ ಬದಲಾಯಿಸಿದ್ರೆ ಬ್ಯಾಂಕ್ ಬಾಕಿ ಕದಲಲ್ಲ, ಆರಾಮಾಗಿ ತಿದ್ದಿ. ತಪ್ಪಾಗಿ ತುಂಬಿದ್ದು ಇನ್ನೊಂದು ಅಕೌಂಟ್‌ಗೆ ಮಾಡಿದ ಟ್ರಾನ್ಸ್‌ಫರ್ ಆಗಿದ್ರೆ ಮಾತ್ರ ತಿದ್ದಿದ ಕೂಡ್ಲೇ ಆ ಅಕೌಂಟ್‌ನ ಬಾಕಿನೂ ಬದಲಾಗತ್ತೆ, ಅದನ್ನ ಮತ್ತೆ ರಿಕನ್ಸೈಲ್ ಮಾಡ್ಬೇಕಾಗತ್ತೆ.