ಅಲ್ಪುಹಾರ್ರಾ ಟಿಪ್ಪಣಿ: ಹಿಮದ ನೀರು, ಕಾಲುವೆ, ಮಣ್ಣಿನ ಮಾಳಿಗೆ

ಪಾರಂಪರಿಕ ತಾಣಗಳ ಪಾಠದಲ್ಲಿ ಸ್ಪೇನ್ ಬಂದರೆ ಗ್ರನಾಡಾದ ಅಲ್ಹಾಂಬ್ರಾ ಅರಮನೆ ಬರೆದು ಮುಂದಕ್ಕೆ ಹೋಗಿಬಿಡುತ್ತೇವೆ, ಅಲ್ವಾ? ಆ ಅರಮನೆಯ ಹಿಂದೆ ಹಿಮ ಹೊತ್ತು ನಿಂತಿರುವುದು ಸಿಯೆರ್ರಾ ನೆವಾಡಾ ಬೆಟ್ಟಸಾಲು. ಅದರ ದಕ್ಷಿಣದ ಮಗ್ಗುಲಲ್ಲಿ ಇಳಿಜಾರಿಗೆ ಅಂಟಿಕೊಂಡ ಹಳ್ಳಿಗಳ ಸೀಮೆಯೇ ಅಲ್ಪುಹಾರ್ರಾ. ಗ್ರನಾಡಾ, ಅಲ್ಮೆರಿಯಾ ಎರಡೂ ಪ್ರಾಂತ್ಯಗಳಲ್ಲಿ ಅದು ಹರಡಿದೆ. ಅಲ್ಲಿ ಅರಮನೆ ಇಲ್ಲ, ಟಿಕೆಟ್ ತೆಗೆದುಕೊಂಡು ಒಳಗೆ ಹೋಗುವ ದೊಡ್ಡ ಸ್ಮಾರಕವೂ ಇಲ್ಲ. ಹಾಗಾಗಿ ಓದುವವರಿಗೆ ಎಲ್ಲಿಂದ ಶುರು ಮಾಡಬೇಕು ಅನ್ನೋದೇ ತಿಳಿಯುವುದಿಲ್ಲ. ನನ್ನ ಸಲಹೆ ಇಷ್ಟೇ: ನೀರಿನಿಂದ ಶುರು ಮಾಡಿ. ಹಿಮ ಎಲ್ಲಿ ಕರಗುತ್ತದೆ, ಆ ನೀರು ಯಾವ ದಾರಿ ಹಿಡಿದು ಹಳ್ಳಿಗೆ ಬರುತ್ತದೆ ಅಂತ ಹಿಡಿದುಕೊಂಡರೆ ಮನೆ, ಹೊಲ, ಮರ, ಇತಿಹಾಸ ಎಲ್ಲ ಅದರ ಹಿಂದೆಯೇ ಬರುತ್ತವೆ.

ಜಾಗದ ಪರಿಚಯ

ಐಬೀರಿಯನ್ ಪರ್ಯಾಯ ದ್ವೀಪದ ಅತಿ ಎತ್ತರದ ಶಿಖರ ಮುಲಾಸೆನ್ ಇರುವುದು ಇಲ್ಲೇ. ಎತ್ತರ 3,479 ಮೀಟರ್. ಅಲ್ಲಿಂದ ಮೆಡಿಟರೇನಿಯನ್ ಸಮುದ್ರ ನೇರ ಅಳತೆಯಲ್ಲಿ 40 ಕಿಲೋಮೀಟರಿಗಿಂತ ಕಡಿಮೆ. ಇಷ್ಟು ಚಿಕ್ಕ ಅಂತರದಲ್ಲಿ ಹಿಮವೂ ಇದೆ, ಬೇಸಿಗೆಯಲ್ಲಿ ಒಣಗಿ ಬಿರಿಯುವ ನೆಲವೂ ಇದೆ. ಮೇಲೆ ಹುಲ್ಲುಗಾವಲು, ನಡುವೆ ಓಕ್ ಮತ್ತು ಚೆಸ್ಟ್‌ನಟ್ ಮರಗಳು, ಕೆಳಗೆ ಬಾದಾಮಿ, ಅಂಜೂರ, ಆಲಿವ್. ಸಿಯೆರ್ರಾ ನೆವಾಡಾ 1986ರಲ್ಲಿ ಯುನೆಸ್ಕೋ ಜೀವಗೋಳ ಮೀಸಲು ಪ್ರದೇಶವಾಯಿತು, 1999ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಈ ಎರಡು ಇಸವಿಗಳನ್ನು ಗುರುತು ಹಾಕಿಕೊಳ್ಳಿ.

ನೀರು: ಇಡೀ ವಿಷಯದ ಬುಡ

ಮೆಡಿಟರೇನಿಯನ್ ಹವಾಮಾನದ ಕಷ್ಟ ಏನು ಅಂದರೆ, ಮಳೆ ಬರುವುದು ಚಳಿಗಾಲದಲ್ಲಿ, ಬೆಳೆಗೆ ನೀರು ಬೇಕಾಗುವುದು ಬೇಸಿಗೆಯಲ್ಲಿ. ಬೆಟ್ಟದ ಮೇಲೆ ಹಿಮವಾಗಿ ಕೂತ ನೀರು ವಸಂತದಲ್ಲಿ ಒಟ್ಟಿಗೇ ಕರಗಿ, ಹೊಳೆಗೆ ಬಿದ್ದು ಸೀದಾ ಸಮುದ್ರಕ್ಕೆ ಓಡುತ್ತದೆ. ಜುಲೈ, ಆಗಸ್ಟ್ ಹೊತ್ತಿಗೆ ಹೊಲಕ್ಕೆ ಏನು ಗತಿ?

ಇದಕ್ಕೆ ಮಧ್ಯಯುಗದ ಅರಬ್ ಆಳ್ವಿಕೆಯ ಕಾಲದ ರೈತರು ಒಂದು ದಾರಿ ಕಂಡುಕೊಂಡರು. ಇಲ್ಲಿನ ಕಾಲುವೆಗಳಿಗೆ ಅಸೇಕಿಯಾ ಅಂತ ಹೆಸರು, ಮೂಲ ಅರಬ್ಬಿ. ಅವುಗಳಲ್ಲಿ ಎರಡು ಬಗೆ. ಒಂದು, ಹೊಲಕ್ಕೆ ನೇರವಾಗಿ ನೀರು ಹಾಯಿಸುವುದು. ಇದು ಎಲ್ಲ ಕಡೆ ಇರುವಂಥದ್ದೇ. ಇನ್ನೊಂದು ಕರೇಯೊ ಕಾಲುವೆ. ಇದನ್ನು ಸ್ವಲ್ಪ ನಿಧಾನವಾಗಿ ಅರ್ಥ ಮಾಡಿಕೊಳ್ಳೋಣ.

ಹಿಮ ಕರಗುವ ಎತ್ತರದಲ್ಲಿ, ಹೊಳೆಯ ತಲೆಯಲ್ಲೇ, ಕಲ್ಲು ಮತ್ತು ಹುಲ್ಲಿನ ಹೆಂಟೆಯಿಂದ ಚಿಕ್ಕ ಅಡ್ಡಗಟ್ಟೆ ಹಾಕುತ್ತಾರೆ. ನೀರು ಪಕ್ಕಕ್ಕೆ ತಿರುಗಿ, ಬೆಟ್ಟದ ಸೊಂಟದ ಸುತ್ತ ಕಡಿದ ಕಾಲುವೆಗೆ ಬೀಳುತ್ತದೆ. ಕಾಲುವೆಗೆ ಇಳಿಜಾರು ತೀರಾ ಕಮ್ಮಿ, ನೀರು ನಡೆದುಕೊಂಡು ಹೋದ ಹಾಗೆ ಹೋಗುತ್ತದೆ. ತಳಕ್ಕೆ ಗಾರೆ ಇಲ್ಲ, ಬರೀ ಮಣ್ಣು. ಹಾಗಾಗಿ ದಾರಿಯುದ್ದಕ್ಕೂ ನೀರು ಇಂಗುತ್ತಲೇ ಇರುತ್ತದೆ. ಕೊನೆಗೆ, ಬಂಡೆ ಬಿರುಕು ಬಿಟ್ಟಿರುವ, ನೀರು ಚೆನ್ನಾಗಿ ಕುಡಿಯುವ ಜಾಗ ನೋಡಿ ಅಲ್ಲಿ ಅದನ್ನು ಹಾಗೇ ಬಿಟ್ಟುಬಿಡುತ್ತಾರೆ. ಗೊತ್ತಿಲ್ಲದವರಿಗೆ ನೀರು ಸುಮ್ನೆ ಹಾಳಾಯಿತು ಅನ್ನಿಸುತ್ತದೆ. ಆದರೆ ಅದು ಬೆಟ್ಟದ ಒಳಗೆ ಮೆಲ್ಲಗೆ ಇಳಿದು, ವಾರಗಳು, ತಿಂಗಳುಗಳು ಕಳೆದ ಮೇಲೆ ಕೆಳಗಿನ ಹಳ್ಳಿಗಳ ಹತ್ತಿರ ಒರತೆಯಾಗಿ ಮೇಲೇಳುತ್ತದೆ. ಏಪ್ರಿಲ್, ಮೇ ತಿಂಗಳ ನೀರು ಬೇಸಿಗೆಗೆ ಸಿಗುವುದು ಹೀಗೆ. ಅಣೆಕಟ್ಟು ಇಲ್ಲದೆ ಇಡೀ ಬೆಟ್ಟವೇ ನೀರಿನ ಕಣಜವಾಗುತ್ತದೆ.

ಯಾವ ಬಿರುಕಿನಲ್ಲಿ ಬಿಟ್ಟ ನೀರು ಯಾವ ಒರತೆಯಲ್ಲಿ ಏಳುತ್ತದೆ ಅನ್ನುವ ತಿಳಿವಳಿಕೆ ಕಾಗದದ ಮೇಲೆ ಇರಲಿಲ್ಲ. ಅದು ಇದ್ದದ್ದು ಕಾಲುವೆ ನೋಡಿಕೊಳ್ಳುವ ನೀರಗಂಟಿಗಳ ತಲೆಯಲ್ಲಿ. ಅವರನ್ನು ಅಲ್ಲಿ ಅಸೇಕಿಯೇರೊ ಅನ್ನುತ್ತಾರೆ. ವಸಂತ ಬಂದ ಕೂಡಲೇ ಹಾರೆ, ಸನಿಕೆ ಹಿಡಿದು ಮೇಲೆ ಹತ್ತಿ, ಚಳಿಗಾಲದಲ್ಲಿ ಕುಸಿದ ದಂಡೆ ಕಟ್ಟಿ, ತುಂಬಿದ ಹೂಳು ತೆಗೆದು, ನೀರು ತಿರುಗಿಸುವುದು ಅವರ ಕೆಲಸ. ಕೆಳಗೆ ಹೊಲಗಳಿಗೆ ಬಂದ ಮೇಲೆ ರೈತರ ನೀರಿನ ಸಂಘ ಸರದಿ ಗೊತ್ತು ಮಾಡುತ್ತದೆ. ಯಾರಿಗೆ ಯಾವ ದಿನ, ಎಷ್ಟು ಹೊತ್ತು ಅನ್ನುವುದಕ್ಕೆ ಹಳೆಯ ಕಟ್ಟಳೆಗಳಿವೆ.

ನೆನಪಿಡಬೇಕಾದ ಇನ್ನೊಂದು ಮಾತು. ಕಾಲುವೆಗೆ ಸಿಮೆಂಟ್ ಹಾಕಿದರೆ, ಇಲ್ಲವೇ ಪ್ಲಾಸ್ಟಿಕ್ ಪೈಪ್ ಎಳೆದರೆ ನೀರು ಪೋಲಾಗುವುದಿಲ್ಲ ನಿಜ. ಆದರೆ ಆ ‘ಪೋಲಾದ’ ನೀರನ್ನೇ ನಂಬಿಕೊಂಡು ದಂಡೆಯ ಮೇಲೆ ಚೆಸ್ಟ್‌ನಟ್ ಮರಗಳ ಸಾಲು ನಿಂತಿರುತ್ತದೆ, ಕೆಳಗೆ ಒರತೆ ಇರುತ್ತದೆ. ಒಣ ಗುಡ್ಡದ ನಡುವೆ ಅಡ್ಡಗೆರೆ ಎಳೆದಂತೆ ಹಸಿರು ಪಟ್ಟಿ ಕಂಡರೆ ಅಲ್ಲಿ ಕಾಲುವೆ ಇದೆ ಅಂತಲೇ ತಿಳಿಯಿರಿ. ಫೋಟೋದಲ್ಲೂ ಇದನ್ನು ಗುರುತಿಸಬಹುದು, ಒಮ್ಮೆ ನೋಡಿ.

ಮನೆ ಓದುವ ಬಗೆ

ಅಲ್ಪುಹಾರ್ರಾದ ಮನೆಗಳಿಗೆ ಸ್ಪೇನಿನ ಉಳಿದ ಕಡೆಯ ಹಾಗೆ ಕೆಂಪು ಹೆಂಚಿಲ್ಲ, ಮೇಲೆ ಚಪ್ಪಟೆ ಮಾಳಿಗೆ. ಬಳ್ಳಾರಿ, ಕೊಪ್ಪಳ ಕಡೆಯ ಮಣ್ಣಿನ ಮಾಳಿಗೆ ಮನೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಗೋಡೆ ಕಲ್ಲು ಮಣ್ಣಿನದು, ತುಂಬ ದಪ್ಪ. ಮೇಲೆ ಚೆಸ್ಟ್‌ನಟ್ ಮರದ ತೊಲೆ, ಅದರ ಮೇಲೆ ಸೀಳಿದ ಮರದ ಪಟ್ಟಿ ಅಥವಾ ಜೊಂಡು, ಅದರ ಮೇಲೆ ತೆಳ್ಳನೆ ಕಲ್ಲಿನ ಚಪ್ಪಡಿ. ಎಲ್ಲಕ್ಕಿಂತ ಮೇಲೆ ಲೌನಾ ಅನ್ನುವ ಬೂದು ನೀಲಿ ಬಣ್ಣದ ಪುಡಿಮಣ್ಣು. ಇದು ಆ ಬೆಟ್ಟದಲ್ಲೇ ಸಿಗುತ್ತದೆ. ನೀರು ಬಿದ್ದರೆ ಉಬ್ಬಿ, ಒಂದಕ್ಕೊಂದು ಕಚ್ಚಿಕೊಂಡು, ಹನಿ ಕೂಡ ಒಳಕ್ಕೆ ಬಿಡದ ಪದರವಾಗುತ್ತದೆ. ಗಾಳಿ ಮಳೆಗೆ ಕೊಚ್ಚಿಹೋದಷ್ಟು ಮಣ್ಣನ್ನು ಮತ್ತೆ ಮೇಲೆ ಹರಡುತ್ತಿರಬೇಕು. ಕೃಷ್ಣಪಕ್ಷದಲ್ಲಿ ಹಾಕಿದ ಲೌನಾ ಮಾತ್ರ ನಿಲ್ಲುತ್ತದೆ ಅಂತ ಹಳಬರು ನಂಬಿದ್ದರು.

ಸೂರಿನ ಅಂಚಿಗೆ ಚಪ್ಪಡಿ ಕಲ್ಲು ಹೊರಕ್ಕೆ ಚಾಚಿರುತ್ತದೆ, ನೀರು ಗೋಡೆಗೆ ತಾಗದಿರಲಿ ಅಂತ. ಹೊಗೆಗೂಡು ದುಂಡಗಿದ್ದು, ತಲೆ ಮೇಲೆ ಚಪ್ಪಡಿಯ ಟೊಪ್ಪಿಗೆ, ಅದು ಹಾರದಂತೆ ಮೇಲೊಂದು ಕಲ್ಲು. ಊರು ಇಳಿಜಾರಿನಲ್ಲಿ ಇರುವುದರಿಂದ ಕೆಳಗಿನ ಮನೆಯ ಮಾಳಿಗೆ ಮೇಲಿನ ಮನೆಯ ಅಂಗಳದ ಮಟ್ಟಕ್ಕೆ ಬರುತ್ತದೆ. ಮೆಣಸಿನಕಾಯಿ, ಅಂಜೂರ, ಜೋಳ ಒಣಗಿಸುವುದು ಅಲ್ಲೇ. ಓಣಿಯ ಮೇಲೆ ತೊಲೆ ಹಾಕಿ, ಎರಡೂ ಬದಿಯ ಮನೆಗಳನ್ನು ಸೇರಿಸುವ ಚಾವಣಿಗೆ ತಿನಾವೊ ಅನ್ನುತ್ತಾರೆ. ಬಿಸಿಲಿಗೆ, ಹಿಮಕ್ಕೆ ಅದರ ಕೆಳಗೆ ನಿಲ್ಲಬಹುದು. ಮೇಲೆ ಒಂದು ಕೋಣೆಯೂ ಸಿಗುತ್ತದೆ.

ಉತ್ತರ ಆಫ್ರಿಕಾದ ಅಟ್ಲಾಸ್ ಬೆಟ್ಟದ ಬರ್ಬರ್ ಹಳ್ಳಿಗಳಲ್ಲೂ ಇಂಥ ಮನೆಗಳೇ ಇವೆ. ಪ್ರಶ್ನೆಗೆ ಉತ್ತರ ಬರೆಯುವಾಗ ಈ ಹೋಲಿಕೆಯನ್ನು ಸೇರಿಸಲೇಬೇಕು. ಇನ್ನು ಈಗ ಎಲ್ಲ ಕಡೆ ಹೊಳೆಯುವ ಬಿಳಿ ಬಣ್ಣ ಪ್ರಚಾರದ ಚಿತ್ರಗಳಿಂದ ಪ್ರಸಿದ್ಧವಾಗಿದೆ. ಹಿಂದೆ ಎಷ್ಟೋ ಮನೆಗಳಿಗೆ ಸುಣ್ಣವೇ ಇರಲಿಲ್ಲ, ಕಲ್ಲು ಮಣ್ಣಿನ ಬಣ್ಣದಲ್ಲೇ ಇದ್ದವು. ‘ಬಿಳಿ ಹಳ್ಳಿಗಳು’ ಅಂತ ಮಾತ್ರ ಬರೆದು ಬಿಟ್ಟರೆ ಮಾಳಿಗೆಯ ಸಂಗತಿಯೇ ತಪ್ಪಿಹೋಗುತ್ತದೆ.

ಯಾರು ಕಟ್ಟಿದರು, ಯಾರು ಬಂದರು

1492ರ ಜನವರಿ 2ರಂದು ಗ್ರನಾಡಾ ಕ್ರೈಸ್ತ ದೊರೆಗಳ ಕೈಸೇರಿತು. ಕೊನೆಯ ಸುಲ್ತಾನ ಬೊಆಬ್ದಿಲ್‌ಗೆ ಅಲ್ಪುಹಾರ್ರಾವನ್ನು ಜಹಗೀರು ಕೊಟ್ಟರು. ಅಂದರಾಕ್ಸ್ ಕಣಿವೆಯಲ್ಲಿ ಸ್ವಲ್ಪ ಕಾಲ ಇದ್ದು, 1493ರಲ್ಲಿ ಅವನು ಮೊರೊಕ್ಕೊಗೆ ಹೋದ. ಮುಸ್ಲಿಮರ ಧರ್ಮಕ್ಕೆ ಅಡ್ಡಿ ಮಾಡುವುದಿಲ್ಲ ಎಂದು ಒಪ್ಪಂದದಲ್ಲಿ ಕೊಟ್ಟ ಮಾತು ಹತ್ತು ವರ್ಷವೂ ಉಳಿಯಲಿಲ್ಲ. ಬಲವಂತದಿಂದ ಮತಾಂತರವಾದವರನ್ನು ಮೊರಿಸ್ಕೊ ಎಂದು ಕರೆದರು. 1567ರಲ್ಲಿ ಸ್ಪೇನಿನ ದೊರೆ ಎರಡನೇ ಫಿಲಿಪ್ ಅರಬ್ಬಿ ಭಾಷೆ, ಉಡುಪು, ಸ್ನಾನಗೃಹ ಎಲ್ಲಕ್ಕೂ ನಿಷೇಧ ಹಾಕಿದ. 1568ರ ಕ್ರಿಸ್‌ಮಸ್ ಹಿಂದಿನ ರಾತ್ರಿ ದಂಗೆ ಶುರುವಾಯಿತು. ಮುಂದಾಳು ವಾಲೋರ್ ಮನೆತನದ ಅಬೆನ್ ಹುಮೆಯಾ. 1569ರಲ್ಲಿ ಅವನನ್ನು ಅವನ ಕಡೆಯವರೇ ಕೊಂದರು. 1571ರ ಹೊತ್ತಿಗೆ ದಂಗೆ ಅಡಗಿತು.

ಪರಿಣಾಮ ಭಯಂಕರ. ಹತ್ತಾರು ಸಾವಿರ ಮೊರಿಸ್ಕೊಗಳನ್ನು ಗ್ರನಾಡಾದಿಂದ ಹೊರಗೆ ಸಾಗಿಸಿದರು. ಅವರ ಹೊಲ, ಮನೆಗಳಿಗೆ ಗಲಿಸಿಯಾ, ಲೆಯೊನ್ ಮುಂತಾದ ಉತ್ತರದ ನಾಡುಗಳಿಂದ ಜನರನ್ನು ಕರೆತಂದರು. ಆ ಹೊಸಬರಿಗೆ ಕಾಲುವೆ, ಸರದಿ, ಮಾಳಿಗೆ ಯಾವುದೂ ಗೊತ್ತಿರಲಿಲ್ಲ. ನೀರಿನ ಕೆಲಸ ಕಲಿಸಲಿಕ್ಕೆ ಪ್ರತಿ ಊರಿನಲ್ಲೂ ಎರಡು ಮೊರಿಸ್ಕೊ ಮನೆಗಳನ್ನು ಉಳಿಸಿಕೊಂಡರು ಅಂತ ಅಲ್ಲಿ ಇವತ್ತಿಗೂ ಹೇಳುತ್ತಾರೆ. ಜನ ಬದಲಾದರು, ಕಾಲುವೆ ಉಳಿಯಿತು. ಉಳಿಯದೆ ಹೋದದ್ದು ರೇಷ್ಮೆ. ಹಿಪ್ಪುನೇರಳೆ ಬೆಳೆದು, ಹುಳು ಸಾಕಿ, ಗ್ರನಾಡಾದ ರೇಷ್ಮೆ ಪೇಟೆಗೆ ನೂಲು ಕಳಿಸುತ್ತಿದ್ದ ಊರುಗಳಿವು. ಮೊರಿಸ್ಕೊಗಳು ಹೋದ ಮೇಲೆ ಆ ಕಸುಬು ಮತ್ತೆ ಅದೇ ಮಟ್ಟಕ್ಕೆ ಏಳಲೇ ಇಲ್ಲ. ನನಗೆ ಇಡೀ ಪಾಠದಲ್ಲಿ ತುಂಬ ನೋವಾಗುವ ಭಾಗ ಇದು. ಸುಂದರ ಊರು ಅಂತ ಹೊಗಳುವಾಗ ಅದನ್ನು ಕಟ್ಟಿದವರನ್ನು ಅಲ್ಲಿಂದ ಓಡಿಸಿದ್ದರು ಅನ್ನುವುದನ್ನೂ ಒಟ್ಟಿಗೇ ಬರೆಯಬೇಕು.

ಈ ಜಗಳದ ನೆನಪು ಹಬ್ಬವಾಗಿಯೂ ಉಳಿದಿದೆ. ವಾಲೋರ್ ಊರಿನಲ್ಲಿ ಸೆಪ್ಟೆಂಬರ್‌ನಲ್ಲಿ ಮೂರ್‌ಗಳು (ಅಂದರೆ ಅಲ್ಲಿನ ಮುಸ್ಲಿಮರು) ಮತ್ತು ಕ್ರೈಸ್ತರ ಕಾಳಗವನ್ನು ಊರವರೇ ವೇಷ ಕಟ್ಟಿ ಬೀದಿಯಲ್ಲಿ ಆಡುತ್ತಾರೆ.

ಊರುಗಳು

ಹೆಚ್ಚು ಜನ ಹೋಗುವುದು ಪೊಕೇಯ್ರಾ ಕಮರಿಗೆ. ಒಂದರ ಮೇಲೊಂದು ಮೂರು ಹಳ್ಳಿ: ಕೆಳಗೆ ಪಂಪನೇಯ್ರಾ, ನಡುವೆ ಬುಬಿಯೊನ್, ಮೇಲೆ ಕಪಿಲೇಯ್ರಾ. ಎತ್ತರ ಸುಮಾರು 1,060 ಮೀಟರಿನಿಂದ 1,430ರವರೆಗೆ. 1982ರಿಂದ ಈ ಕಮರಿಗೆ ಸಂರಕ್ಷಿತ ಐತಿಹಾಸಿಕ ತಾಣದ ಮಾನ್ಯತೆ ಇದೆ. ಬುಬಿಯೊನ್‌ನಲ್ಲಿ ಹಳೆ ಮನೆಯೊಂದನ್ನೇ ಮ್ಯೂಸಿಯಂ ಮಾಡಿದ್ದಾರೆ. ಒಲೆ, ಪಾತ್ರೆ, ಕೃಷಿ ಸಾಮಾನು ಎಲ್ಲ ಇದ್ದ ಜಾಗದಲ್ಲೇ ಇವೆ. ಚಿಂದಿ ಬಟ್ಟೆಯ ಪಟ್ಟಿಗಳನ್ನು ಮಗ್ಗದಲ್ಲಿ ಹಾಕಿ ನೇಯುವ ಹರಾಪಾ ಜಮಖಾನೆ ಈ ಊರುಗಳ ಅಂಗಡಿ ಮುಂದೆ ನೇತಾಡುತ್ತಿರುತ್ತದೆ.

ಈ ಮೂರು ಊರಲ್ಲಿ ಗದ್ದಲ ಜಾಸ್ತಿ. ಕಾಲುವೆ, ಮನೆ, ಗಿರಣಿ ಸಮಾಧಾನದಿಂದ ನೋಡಬೇಕು ಅನ್ನುವವರಿಗೆ ಪಕ್ಕದ ಲಾ ತಾಹಾ ಕಡೆಯ ಚಿಕ್ಕ ಹಳ್ಳಿಗಳೇ ಮೇಲು ಅಂತ ನನ್ನ ಅಭಿಪ್ರಾಯ. ಫೆರ್ರೇಯ್ರೋಲಾ, ಫೊಂದಾಲೆಸ್ ಇಲ್ಲಿವೆ. ಫೊಂದಾಲೆಸ್‌ನಿಂದ ಕೆಳಗೆ ಇಳಿದರೆ ಹೊಳೆಗೆ ಅಡ್ಡಲಾಗಿ ಹಳೆಯ ಸೇತುವೆ ಸಿಗುತ್ತದೆ. ಹತ್ತಿರದ ಪೋರ್ತುಗೋಸ್‌ನಲ್ಲಿ ಕಬ್ಬಿಣದಂಶ ತುಂಬಿದ ಚಿಲುಮೆ ಇದೆ. ನೀರು ಹರಿದಲ್ಲೆಲ್ಲ ಬಂಡೆ ತುಕ್ಕಿನ ಕೆಂಪು.

ಟ್ರೆವೆಲೆಸ್ ಇನ್ನೂ ಮೇಲೆ, ಸುಮಾರು 1,480 ಮೀಟರ್. ಸ್ಪೇನಿನ ಅತಿ ಎತ್ತರದ ಹಳ್ಳಿಗಳಲ್ಲಿ ಒಂದು. ಈ ಊರು ಹೆಸರಾದದ್ದು ಹಂದಿ ತೊಡೆಯ ಹ್ಯಾಮ್‌ನಿಂದ. ಉಪ್ಪು ಸವರಿ, ಕಿಟಕಿ ತೆರೆದ ಕೋಣೆಗಳಲ್ಲಿ ತಿಂಗಳುಗಟ್ಟಲೆ ತೂಗುಹಾಕುತ್ತಾರೆ. ಒಣಗಿಸುವುದು ಬೆಟ್ಟದ ತಣ್ಣನೆ ಒಣಗಾಳಿ. 1862ರಲ್ಲಿ ರಾಣಿ ಎರಡನೇ ಇಸಾಬೆಲ್ ಈ ಹ್ಯಾಮ್‌ಗೆ ರಾಜಮುದ್ರೆ ಕೊಟ್ಟಳು. ಈಗ ಭೌಗೋಳಿಕ ಗುರುತು ಇದೆ.

ಲಾನ್‌ಹರೋನ್ ಈ ಸೀಮೆಯ ಪಶ್ಚಿಮದ ಬಾಗಿಲು. ಖನಿಜ ನೀರಿನ ಸ್ನಾನಕ್ಕೆ, ಬಾಟಲಿ ನೀರಿಗೆ ಹೆಸರಾದ ಪಟ್ಟಣ. ಜೂನ್ 23ರ ಮಧ್ಯರಾತ್ರಿ, ಸಂತ ಜಾನ್ ಹಬ್ಬಕ್ಕೆ, ಜನ ಬೀದಿಯಲ್ಲಿ ಓಡುತ್ತಾರೆ. ಮಹಡಿಗಳಿಂದ, ಪೈಪ್‌ಗಳಿಂದ ಒಂದು ಗಂಟೆ ಹೊತ್ತು ಅವರ ಮೇಲೆ ನೀರೋ ನೀರು.

ಕರ್ನಾಟಕದವರು ಗಮನಿಸಬೇಕಾದ ಒಂದು ಕೊಂಡಿಯೂ ಇದೆ. ಪೊಕೇಯ್ರಾ ಕಮರಿಯ ಎದುರಿನ ಗುಡ್ಡದ ಮೇಲೆ ಓ ಸೆಲ್ ಲಿಂಗ್ ಅನ್ನುವ ಟಿಬೆಟನ್ ಬೌದ್ಧ ಧ್ಯಾನ ಕೇಂದ್ರವಿದೆ. 1980ರಲ್ಲಿ ಶುರುವಾಯಿತು, 1982ರಲ್ಲಿ ದಲೈ ಲಾಮಾ ಬಂದಿದ್ದರು. ಬುಬಿಯೊನ್‌ನಲ್ಲಿ ನೆಲೆಸಿದ್ದ ದಂಪತಿಗೆ 1985ರಲ್ಲಿ ಹುಟ್ಟಿದ ಓಸೆಲ್ ಹಿತಾ ಟೊರೆಸ್ ಅವರನ್ನು ಟಿಬೆಟನ್ ಬೌದ್ಧ ಗುರು ಲಾಮಾ ತುಬ್ತೆನ್ ಯೇಶೆ ಅವರ ಪುನರ್ಜನ್ಮ ಎಂದು ಗುರುತಿಸಲಾಯಿತು. ಅವರು ಬೆಳೆದು ಓದಿದ್ದು ನಮ್ಮ ಬೈಲಕುಪ್ಪೆಯ ಸೇರಾ ಮಠದಲ್ಲಿ.

ಈಗಿನ ಸ್ಥಿತಿ

ಇಪ್ಪತ್ತನೇ ಶತಮಾನದ ನಡುವಿನಿಂದ ಊರು ಬಿಟ್ಟು ನಗರಕ್ಕೆ, ಹೊರದೇಶಕ್ಕೆ ದುಡಿಯಲು ಹೋದವರು ಬಹಳ. ಬೆಟ್ಟ ಹತ್ತುವ ಪ್ರಾಯದವರು ಇಲ್ಲದೆ ಎಷ್ಟೋ ಕಾಲುವೆಗಳು ಹೂತುಹೋದವು. ಮೆಟ್ಟಿಲು ಗದ್ದೆಗಳು ಪಾಳು ಬಿದ್ದವು. ಪ್ರವಾಸದಿಂದ ಊರಿಗೆ ದುಡ್ಡು ಬಂತು, ಮನೆಗಳು ದುರಸ್ತಿಯಾದವು, ಇದು ಒಳ್ಳೆಯದೇ. ಆದರೆ ಹೋಟೆಲ್ ನಡೆಸುವವರು ಸಿಕ್ಕಿದಷ್ಟು ಸುಲಭವಾಗಿ ಕಾಲುವೆ ಕಾಯುವವರು ಸಿಗುವುದಿಲ್ಲ. ಮನೆಯ ಮುಖ ಉಳಿಸಿ ಕಾಲುವೆ ಬಿಟ್ಟರೆ ಆ ಮನೆ ಅಲ್ಲಿ ಯಾಕೆ ಇತ್ತು ಅನ್ನುವುದೇ ಅಳಿಸಿಹೋಗುತ್ತದೆ.

ಸಮಾಧಾನದ ಸುದ್ದಿಯೂ ಇದೆ. 2014ರಲ್ಲಿ ಗ್ರನಾಡಾ ವಿಶ್ವವಿದ್ಯಾಲಯದ ಸಂಶೋಧಕರು ಕಾನ್ಯಾರ್ ಹಳ್ಳಿಯವರ ಜೊತೆ ಸೇರಿ ಬಾರ್ಹಾಸ್ ಅನ್ನುವ ಪಾಳುಬಿದ್ದ ಕಾಲುವೆಯನ್ನು ಮತ್ತೆ ತೆರೆದರು. ವಿದ್ಯಾರ್ಥಿಗಳು, ಸ್ವಯಂಸೇವಕರು ಸನಿಕೆ ಹಿಡಿದು ಹೂಳು ತೆಗೆದರು. ದಂಡೆ ಎಲ್ಲಿತ್ತು, ನೀರು ಹೇಗೆ ತಿರುಗಿಸಬೇಕು ಅಂತ ಊರಿನ ಹಿರಿಯರು ತೋರಿಸಿಕೊಟ್ಟರು. ಆಮೇಲೆ ಬೇರೆ ಊರುಗಳಲ್ಲೂ ಈ ಕೆಲಸ ನಡೆದಿದೆ. ಪುರಾತತ್ವ ಓದುವವರು ಸನಿಕೆ ಹಿಡಿಯಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಮುಂದೆ ಯಾರಾದರೂ ಅಲ್ಲಿಗೆ ಹೋಗುವ ಅವಕಾಶ ಸಿಕ್ಕಿದರೆ ಮೇ ಅಥವಾ ಜೂನ್ ಶುರುವಿನಲ್ಲಿ ಹೋಗಿ. ಆಗ ಶಿಖರದಲ್ಲಿ ಹಿಮ ಇನ್ನೂ ಇರುತ್ತದೆ, ಕಾಲುವೆಗಳು ತುಂಬಿ ಹರಿಯುತ್ತಿರುತ್ತವೆ. ದಂಡೆಯ ಮೇಲಿನ ಕಾಲುದಾರಿಯಲ್ಲಿ ನಡೆಯಬಹುದು. ದಾರಿಯಲ್ಲಿ ತೂಬಿಗೆ ಅಡ್ಡ ಇಟ್ಟ ಚಪ್ಪಡಿ ಕಂಡರೆ ಮುಟ್ಟಬೇಡಿ, ಕೆಳಗೆ ಯಾರದೋ ಹೊಲಕ್ಕೆ ನೀರಿನ ಸರದಿ ನಡೆದಿರುತ್ತದೆ.