ಟಾರ್ಟ್ ಹಿಟ್ಟಿಗೆ ನಿಪ್ಪಟ್ಟಿನ ಕೈ ಬೇಕು

ಹೋಳಿಗೆ ಚೆನ್ನಾಗಿ ಮಾಡುವವರಿಗೇ ಬಾದಾಮಿ ಟಾರ್ಟ್, ಅಂದರೆ ಬಟ್ಟಲಿನಂಥ ಹಿಟ್ಟಿನ ಚಿಪ್ಪಿಗೆ ಹೂರಣ ತುಂಬುವ ಬೇಕರಿ ತಿನಿಸು, ಹೆಚ್ಚು ಕೈಕೊಡುತ್ತದೆ. ನನ್ನ ಬೇಕಿಂಗ್ ತರಗತಿಯಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದೇನೆ. ಕಣಕವನ್ನು ಎಣ್ಣೆ ಬಿಟ್ಟು, ಎಳೆದರೆ ರಬ್ಬರಿನಂತೆ ಬರುವ ತನಕ ನಾದಿ ಪಳಗಿದ ಕೈ ಅದು. ಇಲ್ಲೂ ಹಾಗೇ ನಾದಿದರೆ ಬೆಣ್ಣೆ ಕರಗಿ ಮೇಲೆ ಬರುತ್ತದೆ, ಓವನ್ನಿನಲ್ಲಿ ಅಂಚು ಜಾರಿ ತಳಕ್ಕೆ ಕುಸಿಯುತ್ತದೆ.

ಮೈದಾಗೆ ಜಿಗುಟು ಕೊಡುವ ಗ್ಲುಟೆನ್ ಬಾದಾಮಿಯಲ್ಲಿಲ್ಲ. ಅದರ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆಯೇ. ಬಾಯಲ್ಲಿ ಪುಡಿಪುಡಿಯಾಗಲಿ ಎಂದೇ ಅದನ್ನು ಹಾಕುವುದು. ಲಟ್ಟಿಸುವಾಗ ಬಿರುಕು ಬಿಟ್ಟರೆ ಬೈಯಬೇಡಿ.

ಈ ಹಿಟ್ಟಿನ ನೆಂಟಸ್ತನ ನಿಪ್ಪಟ್ಟಿನ ಜೊತೆ. ಕಾದ ಎಣ್ಣೆ ಹಾಕಿ ತಿಕ್ಕಿ, ಮುಷ್ಟಿ ಕಟ್ಟಿದರೆ ಉಂಡೆ ನಿಲ್ಲುತ್ತದಾ ಎಂದು ನೋಡುತ್ತೀರಲ್ಲ, ಇಲ್ಲಿಯೂ ಅದೇ ಪರೀಕ್ಷೆ. ಕಾದ ಎಣ್ಣೆಯ ಬದಲು ಫ್ರಿಜ್ಜಿನಿಂದ ತೆಗೆದ ಬೆಣ್ಣೆ, ಅಷ್ಟೇ. 200 ಗ್ರಾಂ ಮೈದಾ, 50 ಗ್ರಾಂ ಬಾದಾಮಿ ಪುಡಿ, 80 ಗ್ರಾಂ ಸಕ್ಕರೆ ಪುಡಿ, ಚಿಟಿಕೆ ಉಪ್ಪು. ಅದಕ್ಕೆ 120 ಗ್ರಾಂ ಬೆಣ್ಣೆಯನ್ನು ಬೆರಳ ತುದಿಯಿಂದ ತಿಕ್ಕಿ. ಮುಷ್ಟಿ ನಿಂತ ಮೇಲೆ ಒಂದು ಮೊಟ್ಟೆಯ ಹಳದಿ, ಬೇಕಾದರೆ ಒಂದು ಚಮಚ ತಣ್ಣೀರು. ಕೂಡಿಸಿ, ಚಪ್ಪಟೆ ಮಾಡಿ, ಒಂದು ಗಂಟೆ ಫ್ರಿಜ್ಜಿನಲ್ಲಿಡಿ.

ಬಾದಾಮಿಯನ್ನು ಮನೆಯಲ್ಲೇ ಪುಡಿ ಮಾಡುವವರು ಅರ್ಧ ಸಕ್ಕರೆಯನ್ನು ಜೊತೆಗೇ ಹಾಕಿ, ಮಿಕ್ಸಿಯನ್ನು ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಒಂದೇ ಸಮನೆ ಓಡಿಸಿದರೆ ಎಣ್ಣೆ ಬಿಟ್ಟು ಜಾರಿನ ತಳ ಹಿಡಿಯುತ್ತದೆ. ಗೋಡಂಬಿ ಬರ್ಫಿ ಮಾಡುವವರಿಗೆ ಈ ಸಂಕಟ ಹೊಸದಲ್ಲ.

ಆಸ್ಟ್ರಿಯಾದ ಲಿಂಟ್ಸ್ ಊರಿನ ಟಾರ್ಟ್‌ನಲ್ಲಿ ಎಷ್ಟೋ ಮಂದಿ ಬೀಜದ ಪುಡಿಯನ್ನು ಮೈದಾದಷ್ಟೇ ಹಾಕುತ್ತಾರೆ. ಅದರ ಪಾಕವಿಧಾನ 1653ರ ಒಂದು ಹಸ್ತಪ್ರತಿಯಲ್ಲೇ ಇದೆ. ಅಷ್ಟು ಬೀಜ ಬಿದ್ದ ಹಿಟ್ಟನ್ನು ಲಟ್ಟಿಸುವ ಸಾಹಸ ನಾನಂತೂ ಬಿಟ್ಟಿದ್ದೇನೆ. ಅಚ್ಚಿನಲ್ಲೇ ಬೆರಳಿಂದ ತಟ್ಟುತ್ತೇನೆ, ಹರಿದಲ್ಲಿ ತೇಪೆ ಹಾಕುತ್ತೇನೆ. ಬೆಂದ ಮೇಲೆ ತೇಪೆ ಯಾರಿಗೂ ಕಾಣುವುದಿಲ್ಲ.

ತಟ್ಟಿದ ಅಚ್ಚನ್ನು 20 ನಿಮಿಷ ಫ್ರೀಜರಿನಲ್ಲಿಟ್ಟು, ಬಟರ್ ಪೇಪರ್ ಹಾಸಿ, ಹಿಟ್ಟು ಉಬ್ಬದಂತೆ ಭಾರಕ್ಕೆ ಒಣ ಕಡಲೆ ತುಂಬಿ 160 ಡಿಗ್ರಿಯಲ್ಲಿ 20 ನಿಮಿಷ ಬೇಯಿಸಿ. ಕಡಲೆ ತೆಗೆದು, ಹುರಿದ ಗೋಡಂಬಿಯ ಬಣ್ಣ ಬರುವ ತನಕ ಮತ್ತೆ ಹತ್ತು ನಿಮಿಷ. ಬೀಜದ ಹಿಟ್ಟು ಬೇಗ ಕಪ್ಪಾಗುತ್ತದೆ, ಪಕ್ಕದಲ್ಲೇ ಇರಿ. ಆ ಕಡಲೆಯನ್ನು ಡಬ್ಬಿಗೆ ಹಾಕಿ ಮುಂದಿನ ಟಾರ್ಟ್‌ಗೆ ಎತ್ತಿಡಿ, ಉಸಲಿಗೆ ಬೇಡ. ನಮ್ಮ ಅತ್ತೆ ಒಮ್ಮೆ ಗೊತ್ತಿಲ್ಲದೆ ಅದನ್ನೇ ರಾತ್ರಿಯಿಡೀ ನೆನೆಸಿ, ಒಂಬತ್ತು ವಿಷಲ್ ಕೂಗಿಸಿ, ಕೊನೆಗೆ ಕುಕ್ಕರನ್ನೇ ಅನುಮಾನಿಸಿದ್ದರು.