ಕಾಲುಚೀಲಕ್ಕೆ ಅಂಟಿ ಬರುವ ಬೀಜಗಳು

ದಸರಾ ರಜೆಯಲ್ಲಿ ಮಕ್ಕಳನ್ನು ಕರ್ಕೊಂಡು ಹುಲ್ಲಿನ ಕಾಲುದಾರಿಯಲ್ಲಿ ಸುತ್ತಾಡಿ ಬಂದರೆ ಒಂದು ಕೆಲಸ ತಪ್ಪಿದ್ದಲ್ಲ. ಬಾಗಿಲ ಹತ್ತಿರ ಕೂತು ಕಾಲುಚೀಲದ ಮುಳ್ಳುಗಳನ್ನು ಒಂದೊಂದಾಗಿ ಕೀಳಬೇಕು. ಬೈಕೊಂಡೇ ಕೀಳ್ತೀವಿ. ಆದರೆ ಅವೆಲ್ಲ ಬೀಜಗಳು, ಊರು ಬಿಟ್ಟು ಹೊರಟಂಥವು.

ಚಳಿ ದೇಶಗಳಲ್ಲಿ ಈ ಹೊತ್ತಿಗೆ ಮರಗಳು ಎಲೆ ಉದುರಿಸುತ್ತವೆ. ನಮ್ಮ ಬಯಲುಸೀಮೆಯ ಮರಗಳಲ್ಲಿ ಹೆಚ್ಚಿನವು ಅದಕ್ಕೆ ಡಿಸೆಂಬರ್ ದಾಟಲಿ ಅಂತ ಕಾಯುತ್ತವೆ. ಅಕ್ಟೋಬರ್‌-ನವೆಂಬರಿನಲ್ಲಿ ಇಲ್ಲಿ ಅವಸರ ಇರುವುದು ಹುಲ್ಲಿಗೆ, ಕುರುಚಲು ಗಿಡಗಳಿಗೆ. ಮುಂಗಾರಿಗೆ ಚಿಗುರಿ ಹೂ ಬಿಟ್ಟಿದ್ದಾಯಿತು. ಇನ್ನು ನೆಲದ ತೇವ ಆರುವುದರೊಳಗೆ ಬೀಜ ಕಟ್ಟಿ ಕಳಿಸಿಬಿಡಬೇಕು. ತಾಯಿಗಿಡದ ಬುಡದಲ್ಲೇ ಬಿದ್ದರೆ ಬಿಸಿಲಿಗೂ ನೀರಿಗೂ ಅಲ್ಲೇ ಪೈಪೋಟಿ. ದೂರ ಹೋಗೋಣ ಅಂದರೆ ಕಾಲಿಲ್ಲ. ಹಾಗಾಗಿ ಕಾಲಿರುವವರನ್ನು ಹಿಡಿಯುತ್ತವೆ. ಆ ಎತ್ತರಕ್ಕೆ ಸರಿಯಾಗಿ ಸಿಗುವುದು ಕುರಿ, ನಾಯಿ, ಮತ್ತೆ ನಾಲ್ಕು ವರ್ಷದ ಮಗು!

ಬೆಂಗಳೂರಿನವರಿಗೆ ತುರಹಳ್ಳಿ ಕಾಡು, ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಬುಡ, ಇಲ್ಲವೇ ನಿಮ್ಮೂರಿನ ಕೆರೆ ಏರಿ. ಯಾವುದಾದರೂ ಆದೀತು. ಎಷ್ಟು ದೂರ ನಡೆದೆವು ಅನ್ನುವ ಲೆಕ್ಕ ಮಾತ್ರ ಬಿಟ್ಟುಬಿಡಿ. ಮಗು ಕೂತ ಕಡೆಯೇ ಕೂರಿ, ಅಲ್ಲೇ ಏನಾದರೂ ಇದ್ದೇ ಇರುತ್ತೆ.

ಮೊದಲು ಸಿಗುವುದು ಬಹುಶಃ ಉತ್ತರಾಣಿ. ಗಣೇಶನ ಹಬ್ಬದ 21 ಪತ್ರೆಗಳಲ್ಲಿ ಇದೂ ಒಂದು, ಅಜ್ಜಿಯರಿಗೆ ಚೆನ್ನಾಗಿ ಗೊತ್ತು. ನೀಳವಾದ ಕಡ್ಡಿಗೆ ಬೀಜಗಳು ಕೆಳಮುಖವಾಗಿ ಅಂಟಿಕೊಂಡಿರುತ್ತವೆ. ಮೇಲಿನಿಂದ ಕೆಳಕ್ಕೆ ಬೆರಳು ಸವರಿದರೆ ನುಣ್ಣಗೆ ಅನಿಸುತ್ತದೆ. ಕೆಳಗಿನಿಂದ ಮೇಲಕ್ಕೆ ಎಳೆದರೆ ಚುಚ್ಚಿಕೊಂಡು ಕೈಗೇ ಬರುತ್ತದೆ.

ಸೂಜಿಹುಲ್ಲು ಇನ್ನೂ ಜಾಣ. ಇದರ ಬೀಜದ ಒಂದು ತುದಿ ಸೂಜಿಯಷ್ಟು ಚೂಪು. ಅದರ ಮೇಲೆ ಹಿಮ್ಮುಖವಾಗಿ ಬೆಳೆದ ಗಟ್ಟಿ ರೋಮಗಳು. ಒಳಗೆ ನುಗ್ಗಲು ಅಡ್ಡಿಯಿಲ್ಲ, ವಾಪಸ್ ಬರಲು ಬಿಡುವುದಿಲ್ಲ. ಕುರಿ ಕಾಯುವವರಿಗೆ ಇದರ ಕಾಟ ಗೊತ್ತು: ಉಣ್ಣೆಗೆ ಸಿಕ್ಕಿದ್ದು ಚರ್ಮದೊಳಕ್ಕೂ ಇಳಿಯುತ್ತದೆ. ಬೀಜದ ಇನ್ನೊಂದು ತುದಿಗೆ ಒಂದು ಕಪ್ಪು ಬಾಲ. ಹತ್ತಿರದಿಂದ ನೋಡಿದರೆ ಅದು ಹಗ್ಗದ ಹಾಗೆ ಹೊಸೆದುಕೊಂಡಿರುತ್ತದೆ, ನಡುವೆ ಬಾಗಿರುತ್ತದೆ. ಅಂಥದ್ದೊಂದನ್ನು ಅಂಗೈ ಮೇಲಿಟ್ಟು ಬಾಲಕ್ಕೆ ಎರಡು ಹನಿ ನೀರು ಬಿಡಿ. ಹೊಸೆತ ಬಿಚ್ಚಿಕೊಳ್ಳುತ್ತಾ ಬಾಲ ತಾನೇ ತಿರುಗತೊಡಗುತ್ತದೆ. 'ಜೀವ ಇದೆ!' ಅಂತ ಮಕ್ಕಳು ಕೂಗುವುದು ಇಲ್ಲೇ.

ಜೀವಕ್ಕೂ ಈ ತಿರುಗಾಟಕ್ಕೂ ಸಂಬಂಧವಿಲ್ಲ, ಬಾಲ ಆಗಲೇ ಒಣಗಿ ಸತ್ತಿದೆ. ಅದರ ನಾರುಗಳು ನೀರು ಹೀರಿ ಉಬ್ಬುವಾಗ ಎಲ್ಲ ಕಡೆ ಒಂದೇ ಸಮ ಉಬ್ಬುವುದಿಲ್ಲ, ಅದಕ್ಕೇ ಈ ಸುತ್ತು. ಇಬ್ಬನಿಗೆ ಬಿಚ್ಚಿಕೊಳ್ಳುತ್ತದೆ, ಬಿಸಿಲಿಗೆ ಮತ್ತೆ ಹೊಸೆದುಕೊಳ್ಳುತ್ತದೆ. ಬಾಲ ಅಕ್ಕಪಕ್ಕದ ಹುಲ್ಲಿಗೆ ಸಿಕ್ಕಿಕೊಂಡರೆ ತಿರುಗುವ ಬಲವೆಲ್ಲ ಬೀಜಕ್ಕೆ ಬಿದ್ದು, ಅದು ಮಣ್ಣಿನೊಳಕ್ಕೆ ಕೊರೆದುಕೊಂಡು ಇಳಿಯುತ್ತದೆ. ಇಳಿದು ಅಲ್ಲೇ ಕೆಲವು ತಿಂಗಳು ಮಲಗಿಬಿಡುತ್ತದೆ, ಮುಂದಿನ ಮಳೆಗಾಲಕ್ಕೆ ಅಂತ. ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ 1660ರ ದಶಕದಲ್ಲೇ ಕಾಡು ಓಟ್ಸ್‌ನ ಇಂಥದ್ದೇ ಬಾಲವನ್ನು ಬಳಸಿ ಗಾಳಿಯ ತೇವ ಅಳೆಯುವ ಸಾಧನ ಮಾಡಿದ್ದ.

ಅಂಟುವ ಗೋಜೇ ಬೇಡ ಅನ್ನುವ ಗಿಡವೂ ಒಂದಿದೆ. ನೇರಳೆ ಹೂವಿನದು, ಚರಂಡಿ ಪಕ್ಕದಲ್ಲೂ ಬೆಳೆಯುತ್ತದೆ. ಕಾಯಿಗೆ ಊರಿಗೊಂದು ಹೆಸರು, ನಾನು ಪಟಪಟಿ ಅಂತೀನಿ. ರುಯೆಲಿಯಾ ಟ್ಯೂಬರೋಸಾ ಅನ್ನುವುದು ಸಸ್ಯಶಾಸ್ತ್ರದವರ ಹೆಸರು, ತವರು ಅಮೆರಿಕ ಖಂಡ. ಒಣಗಿದ ಕಂದು ಕಾಯಿಯನ್ನು ನೀರಿಗೆ ಹಾಕಿ ಸ್ವಲ್ಪ ಕಾದರೆ 'ಟಪ್' ಅಂತ ಸಿಡಿಯುತ್ತದೆ. ಕಾಯಿಯ ಎರಡು ಹೋಳುಗಳೂ ಒಣಗುವಾಗಲೇ ಹೊರಕ್ಕೆ ಬಾಗಲು ಹವಣಿಸುತ್ತಿರುತ್ತವೆ, ಅವನ್ನು ಹಿಡಿದಿಟ್ಟಿರುವುದು ನಡುವಿನ ಬೆಸುಗೆ. ನೀರು ತಾಗಿದರೆ ಬೆಸುಗೆ ಸಡಿಲ. ಒಳಗಿನ ಪುಟ್ಟ ಕೊಕ್ಕೆಗಳು ಬೀಜವನ್ನು ಎಸೆಯುತ್ತವೆ. ಇದರದ್ದೇ ಕುಲದ ಇನ್ನೊಂದು ಗಿಡವನ್ನು ಅಮೆರಿಕದ ಸಂಶೋಧಕರು ಹೈಸ್ಪೀಡ್ ಕ್ಯಾಮೆರಾದಲ್ಲಿ ಹಿಡಿದು 2018ರಲ್ಲಿ ವರದಿ ಮಾಡಿದರು. ಚಪ್ಪಟೆ ಬೀಜ ಸೆಕೆಂಡಿಗೆ ಸುಮಾರು 1,600 ಸುತ್ತಿನ ವೇಗದಲ್ಲಿ ಗಿರಗಿರನೆ ತಿರುಗುತ್ತಾ 7 ಮೀಟರ್‌ವರೆಗೂ ಹಾರುತ್ತದಂತೆ. ಹಾಗೆ ತಿರುಗುವುದರಿಂದ ಬೀಜ ಗಾಳಿಯಲ್ಲಿ ಹೊರಳಾಡುವುದಿಲ್ಲ, ಗಾಳಿಯ ತಡೆಯೂ ಕಮ್ಮಿ.

ಮಗು ಕೇಳಬಹುದು: ನೀರು ಬಿದ್ದರೆ ಮಾತ್ರ ಯಾಕೆ? ಮಳೆ ಬಂದಿದೆ ಅಂದರೆ ಮಣ್ಣೂ ಒದ್ದೆ ಇದೆ ಅಂತ ತಾನೇ? ಒದ್ದೆಯಾದ ಬೀಜದ ಮೈ ಲೋಳೆ ಲೋಳೆಯಾಗಿ, ಬಿದ್ದ ಕಡೆ ಮಣ್ಣು ಕಚ್ಚಿಕೊಳ್ಳುತ್ತದೆ. ಸಿಡಿಯುವಾಗ ಮುಖ ಮಾತ್ರ ತೀರಾ ಹತ್ತಿರ ಬೇಡ, ಕಣ್ಣಿಗೆ ಬಡಿದೀತು.

ಇನ್ನೆರಡು ಎಚ್ಚರಿಕೆ. ದಾರಿ ಪಕ್ಕದ ಬಿಳಿ ಹೂವಿನ ಕಾಂಗ್ರೆಸ್ ಗಿಡವನ್ನು ಮಕ್ಕಳು ಕೀಳದಿರಲಿ, ಕೆಲವರಿಗೆ ಮೈ ಕಡಿತ, ಸೀನು ಶುರುವಾಗುತ್ತದೆ. ಕಾಲು ಕಂಡರೆ ಹತ್ತುವುದು ಬೀಜ ಮಾತ್ರ ಅಲ್ಲ, ಉಣುಗು ಕೂಡ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದಲೇ, ಅದೂ ಡಿಸೆಂಬರಿನಿಂದ ಮೇ ತನಕ ಜಾಸ್ತಿ. ಆ ತಿಂಗಳುಗಳಲ್ಲಿ ಮಲೆನಾಡಿನ ಕಾಡುದಾರಿಗೆ ಮಕ್ಕಳನ್ನು ಕರೆದೊಯ್ಯದಿರುವುದೇ ವಾಸಿ. ಬೇರೆ ಕಡೆಯಾದರೂ ಮನೆಗೆ ಬಂದ ಮೇಲೆ ಕಿವಿಯ ಹಿಂದೆ, ಮಂಡಿಯ ಹಿಂದೆ ಒಮ್ಮೆ ನೋಡಿ, ಬಿಸಿನೀರು ಸ್ನಾನ ಮಾಡಿಸಿ.